ಮುಚ್ಚಳದ ಮೇಲಿನ ಸೊನ್ನೆ

ಮಾರ್ಚ್ 4, ಸೋಮವಾರ

ಡಾಕ್ಟರು ಬರೆದಿಡಿ ಅಂದಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಈ ವಯಸ್ಸಿನಲ್ಲಿ ನನಗೆ ದಿನಚರಿ ಯಾಕೆ ಬೇಕಿತ್ತು? ಬೆಳಿಗ್ಗೆ ಎದ್ದ ಕೂಡಲೇ ನಾಲ್ಕು ವಸ್ತು ಮೂಸಬೇಕಂತೆ: ಕಾಫಿ ಪುಡಿ, ನಿಂಬೆಹಣ್ಣು, ಲವಂಗ, ಸೋಪು. ಒಂದೊಂದನ್ನೂ ಕಣ್ಣು ಮುಚ್ಚಿಕೊಂಡು, ಇಪ್ಪತ್ತು ಎಣಿಸುವವರೆಗೆ. ಏನು ಗೊತ್ತಾಯಿತೋ ಅದನ್ನು ಬರೆಯಬೇಕು.

ಕಾಫಿ: ಇಲ್ಲ. ನಿಂಬೆ: ಇಲ್ಲ. ಲವಂಗ: ಮೂಗಿನೊಳಗೆ ಚುರುಕ್ ಅಂದಿತು, ವಾಸನೆ ಅಲ್ಲ. ಸೋಪು: ಇಲ್ಲ.

ಜ್ವರ ಬಿಟ್ಟು ಹನ್ನೆರಡು ದಿನವಾಯಿತು. ಹೋಗುವಾಗ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಗಿದೆ. ಬರಬಹುದು, ಬರದೆಯೂ ಇರಬಹುದು, ತಿಂಗಳುಗಟ್ಟಲೆ ಕಾಯಬೇಕು ಅಂದರು ಡಾಕ್ಟರು. ಬೇರೆ ಯಾರಿಗಾದರೂ ಆಗಿದ್ದರೆ ಪರವಾಗಿರಲಿಲ್ಲ. ಗುಮಾಸ್ತನಿಗೆ ಮೂಗು ಯಾಕೆ? ನನಗೆ ಇರುವುದೇ ಅದೊಂದು.

ನಮ್ಮದು ಮಿಕ್ಕ ಊಟವನ್ನು ಉಳಿಸುವ ಕೆಲಸ. ಆಫೀಸಿನ ಕ್ಯಾಂಟೀನು, ಹೋಟೆಲು, ಸಭಾಂಗಣ ಇಲ್ಲೆಲ್ಲ ಮಧ್ಯಾಹ್ನ ಬಡಿಸಿ ಉಳಿದದ್ದನ್ನು ಡ್ರೈವರ್ ವ್ಯಾನಿನಲ್ಲಿ ಹೇರಿಕೊಂಡು ಎರಡೂವರೆಗೆ ನಮ್ಮ ಷೆಡ್ಡಿಗೆ ತರುತ್ತಾನೆ. ಐದೂವರೆಗೆ ಅದು ಆಶ್ರಯ ಮನೆಗೆ ಹೋಗಬೇಕು. ಅಲ್ಲಿ ನೆಲೆಯಿಲ್ಲದ ಹೆಂಗಸರು ಅರವತ್ತೆರಡು ಜನ. ಈ ಎರಡರ ನಡುವೆ ನಾನು. ಪ್ರತಿ ಪಾತ್ರೆಯ ಮುಚ್ಚಳ ತೆಗೆದು ಮೂಸಿ, ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಸೊನ್ನೆ ಹಾಕಿದರೆ ಜನರಿಗೆ, ಅಡ್ಡ ಗೀಟು ಎಳೆದರೆ ಹಂದಿಗೆ. ಹಿಂದಿನ ಗೇಟಿನಲ್ಲಿ ಹಂದಿ ಸಾಕುವವನು ಸೈಕಲ್ ಗಾಡಿ ಇಟ್ಟುಕೊಂಡು ಕಾದಿರುತ್ತಾನೆ. ಎಲ್ಲರೂ ಅವನನ್ನು ಹಂದಿಯಣ್ಣ ಅಂತಲೇ ಕರೆಯುವುದು. ಸೀಮೆಸುಣ್ಣ ನನ್ನ ಏಪ್ರನ್ನಿನ ಜೇಬಿನಲ್ಲಿರುತ್ತದೆ. ನಾಲ್ಕು ವರ್ಷದಲ್ಲಿ ಬೇರೆ ಯಾರೂ ಅದನ್ನು ಮುಟ್ಟಿಲ್ಲ, ನಾನು ಮುಟ್ಟಗೊಟ್ಟಿಲ್ಲ. ಮೂವತ್ತೊಂದು ವರ್ಷ ಹಾಸ್ಟೆಲಿನ ಅಡುಗೆಮನೆ ಆಳಿದವಳು ನಾನು. ಹಾಲು ಒಡೆಯುವ ಒಂದು ಗಂಟೆ ಮುಂಚೆಯೇ ಬಾಗಿಲಲ್ಲಿ ನಿಂತು ಹೇಳುತ್ತಿದ್ದೆ.

ಇವತ್ತು ಕೆಲಸಕ್ಕೆ ಮರಳಿದೆ. ನಾನಿಲ್ಲದ ದಿನಗಳಲ್ಲಿ ಮೇಡಂ, ಅಂದರೆ ಷೆಡ್ಡು ನಡೆಸುವವರು, ಧೈರ್ಯ ಸಾಲದೆ ಬೇಯಿಸಿದ್ದನ್ನೆಲ್ಲ ಹಂದಿಗೆ ಕೊಟ್ಟು, ಆಶ್ರಯ ಮನೆಗೆ ಬರೀ ಬ್ರೆಡ್ಡು, ಹಣ್ಣು ಕಳಿಸಿದರಂತೆ. "ನೀವಿಲ್ದೆ ಕೈ ಮುರಿದ ಹಾಗಾಗಿತ್ತು" ಅಂದರು. ಇದನ್ನು ಕೇಳಿದ ಮೇಲೆ ಹೇಗೆ ಬಾಯಿ ಬಿಡಲಿ?

ಎಂಟು ಪಾತ್ರೆ ಬಂದವು. ಮುಚ್ಚಳ ತೆಗೆದೆ, ಬಗ್ಗಿದೆ, ಮೊದಲಿನ ಹಾಗೆಯೇ ಕಣ್ಣು ಅರೆ ಮುಚ್ಚಿ ಮೂಸಿದೆ. ಮುಖಕ್ಕೆ ಹಬೆ ಬಡಿಯಿತು, ಅಷ್ಟೆ. ಎಂಟಕ್ಕೂ ಸೊನ್ನೆ ಹಾಕಿದೆ. ಎರಡು ಸೊನ್ನೆ ಮೊಟ್ಟೆಯಂತಾದವು. "ದೊಡ್ಡಕ್ಕ ಬಂದ್ರು, ಇನ್ನು ಚಿಂತೆ ಇಲ್ಲ" ಅಂತ ಡ್ರೈವರ್ ಎಲ್ಲರಿಗೂ ಕೇಳುವಂತೆ ಕೂಗಿದ. ಅವನ ಬಾಯಿಗೊಂದು ಬ್ರೆಡ್ ತುರುಕಬೇಕೆನಿಸಿತು.

ಏನಾದರೂ ಹೆಚ್ಚುಕಡಿಮೆಯಾದರೆ ಆಶ್ರಯ ಮನೆಯಿಂದ ನನ್ನ ಫೋನಿಗೇ ಕರೆ ಬರುತ್ತದೆ. ಮನೆಗೆ ಬಂದವಳು ಫೋನನ್ನು ಮಡಿಲಲ್ಲಿಟ್ಟುಕೊಂಡೇ ಕೂತಿದ್ದೆ. ಒಂಬತ್ತಾದರೂ ಬರಲಿಲ್ಲ.

ಮಾರ್ಚ್ 5, ಮಂಗಳವಾರ

ಇಲ್ಲ, ಇಲ್ಲ, ಚುರುಕ್, ಇಲ್ಲ.

ಒಂಬತ್ತು ಪಾತ್ರೆ. ಒಂಬತ್ತು ಸೊನ್ನೆ. ಫೋನ್ ಬರಲಿಲ್ಲ.

ಮಾರ್ಚ್ 7, ಗುರುವಾರ

ಕಾಫಿ ಇಲ್ಲ. ನಿಂಬೆ ಇಲ್ಲ. ಲವಂಗ ಅದೇ. ಸೋಪು ಇಲ್ಲ.

ಒಂದು ಉಪಾಯ ಸಿಕ್ಕಿದೆ. ನಾಚಿಕೆಗೇಡಿನದು, ಆದರೂ ಉಪಾಯ. ಷೆಡ್ಡಿನಲ್ಲಿ ಪಾತ್ರೆ ತೊಳೆಯುವವಳೊಬ್ಬಳಿದ್ದಾಳೆ. ಮೂವತ್ತರ ಆಸುಪಾಸು. ಬಾಯಿ ಅವಳ ತೊಟ್ಟಿಯ ನಲ್ಲಿಯ ಹಾಗೆ, ಎಷ್ಟು ತಿರುಗಿಸಿದರೂ ನಿಲ್ಲುವುದಿಲ್ಲ. ನಾನು ಅವಳ ಮುಖ ಸರಿಯಾಗಿ ನೋಡಿದವಳೇ ಅಲ್ಲ. ಇವತ್ತು ಸಭಾಂಗಣದಿಂದ ಬಂದ ಸೂಪಿನ ಮುಚ್ಚಳ ತೆಗೆದಾಗ ಪಕ್ಕದಲ್ಲೇ ಹಾದು ಹೋದಳು. ಮಾತು ಅರ್ಧಕ್ಕೆ ನಿಂತು ಮುಖ ಕಿವುಚಿತು. ನಾನು ಕೂಡಲೇ ಅಡ್ಡ ಗೀಟು ಎಳೆದೆ.

"ಅಬ್ಬಾ, ಹೇಳೋಣ ಅಂತಿದ್ದೆ, ಅಷ್ಟರಲ್ಲಿ ಹಿಡಿದುಬಿಟ್ರಲ್ಲ ದೊಡ್ಡಕ್ಕ!" ಅಂದಳು.

ಬೆಳಕು ಸಾಲದು ಅನ್ನುವ ನೆಪ ಹೇಳಿ ಪಾತ್ರೆಗಳನ್ನೆಲ್ಲ ಅವಳ ತೊಟ್ಟಿಯ ಪಕ್ಕದ ಕಟ್ಟೆಗೆ ಇಡಿಸಿದೆ. ಇನ್ನು ಮೇಲೆ ನಾನು ಮೂಸುತ್ತೇನೆ, ಕಣ್ಣಿನಲ್ಲಿ ಅವಳ ಮುಖ ನೋಡುತ್ತೇನೆ. ಬೇರೆಯವರ ಪರೀಕ್ಷೆಯಲ್ಲಿ ನಕಲು ಹೊಡೆದಂತೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವುದು ಸುಳ್ಳಲ್ಲ, ಅವಳು ಒಮ್ಮೆ "ಏನಕ್ಕ ನನ್ನೇ ನೋಡ್ತೀರಿ?" ಅಂದಾಗ ಬೆವೆತುಬಿಟ್ಟೆ.

ನಾಲ್ಕು ಗಂಟೆಗೆ ಅವಳು ಎಂದಿನಂತೆ ಸೊನ್ನೆ ಹಾಕಿದ ಪಾತ್ರೆಯಿಂದ ತಟ್ಟೆ ತುಂಬ ಬಡಿಸಿಕೊಂಡು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಳು. "ಬನ್ನಿ ಅಕ್ಕ, ಒಂದು ತುತ್ತು" ಅಂತ ಕರೆಯುತ್ತಾಳೆ, ದಿನವೂ. ನಾನು ನನ್ನ ಬುತ್ತಿ ಡಬ್ಬಿ ಬಿಚ್ಚುತ್ತೇನೆ. ನಾಲ್ಕು ವರ್ಷದಲ್ಲಿ ಆ ಊಟ ನಾಲಿಗೆಗೆ ಇಟ್ಟಿಲ್ಲ. ಯಾರೋ ಉಳಿಸಿದ್ದನ್ನು ತಿನ್ನುವ ಗತಿ ನನಗಿನ್ನೂ ಬಂದಿಲ್ಲ.

ಮಾರ್ಚ್ 9, ಶನಿವಾರ

ಪಾತ್ರೆಯವಳು ಇವತ್ತು ಬರಲಿಲ್ಲ. ಮಗಳಿಗೆ ಹುಷಾರಿಲ್ಲವಂತೆ.

ಏಳು ಪಾತ್ರೆ. ಕಟ್ಟೆಯ ಮೇಲೆ ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದವು. ಡ್ರೈವರಿಗೆ ಮೂಸಿ ನೋಡು ಅನ್ನೋಣವೆಂದರೆ ಅವನು ಬಾಯಲ್ಲಿ ಯಾವಾಗಲೂ ಪುದಿನ ಮಿಠಾಯಿ ಇಟ್ಟುಕೊಂಡಿರುತ್ತಾನೆ, ಅವನಿಗೆ ಪ್ರಪಂಚವೆಲ್ಲ ಪುದಿನ. ಎಷ್ಟು ಗಂಟೆಗೆ ಬೇಯಿಸಿದ್ದು, ಎಷ್ಟು ಗಂಟೆಗೆ ತುಂಬಿಸಿದ್ದು ಅಂತ ಅವನನ್ನೇ ಪೀಡಿಸಿದೆ. "ಪೊಲೀಸ್ ಕೇಳಿದ ಹಾಗೆ ಕೇಳ್ತೀರಲ್ಲ ಅಕ್ಕ" ಅಂದ. ಏಳಕ್ಕೂ ಸೊನ್ನೆ ಹಾಕಿದೆ.

ಏಳೂಕಾಲಿಗೆ ಫೋನ್ ಬಂತು.

ಬಟನ್ ಅಜ್ಜಿ ವಾಂತಿ ಮಾಡಿಕೊಂಡಿದ್ದಾಳೆ, ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ. ಆಶ್ರಯ ಮನೆಯಲ್ಲಿ ಎಲ್ಲರ ಬಟ್ಟೆಗೂ ಬಟನ್ ಹೊಲಿದು ಕೊಡುವ ಮುದುಕಿ. ಒಮ್ಮೆ ಷೆಡ್ಡಿಗೆ ಬಂದಿದ್ದಾಗ ನನ್ನ ಏಪ್ರನ್ನಿಗೂ ಒಂದು ಹೊಲಿದಿದ್ದಳು, ಕೆಂಪು, ನಾನು ಕೇಳಿದ್ದು ಬಿಳಿ. ನಮ್ಮ ಮನೆಯವರು "ಯಾರ ಫೋನು?" ಅಂದರು. ರಾಂಗ್ ನಂಬರ್ ಅಂದೆ.

ಆ ಅಜ್ಜಿಗೆ ಏನಾದರೂ ಆದರೆ ಅದು ನಾನು ಮಾಡಿದ್ದು.

ಮಾರ್ಚ್ 10, ಭಾನುವಾರ

ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ. ಏಳಕ್ಕೆ ನಾನೇ ಫೋನ್ ಮಾಡಿದೆ. ಅಜ್ಜಿ ಬರಿಹೊಟ್ಟೆಯಲ್ಲಿ ಮಂಡಿನೋವಿನ ಮಾತ್ರೆ ನುಂಗಿದ್ದಳಂತೆ, ನಮ್ಮ ಊಟ ಮುಟ್ಟಿಯೇ ಇರಲಿಲ್ಲವಂತೆ. ವಾಪಸು ಬಂದು ಕೂತು ಬಟನ್ ಹೊಲಿಯುತ್ತಿದ್ದಾಳೆ. ಫೋನ್ ಇಟ್ಟವಳೇ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ.

ಮಧ್ಯಾಹ್ನ ಇವರು ಬೇಳೆ ಒಂದೇ ಚಮಚ ಬಡಿಸಿಕೊಂಡರು. ಯಾಕೆ ಅಂದರೆ ಹಲ್ಲು ನೋವು ಅಂದರು. ಬೇಳೆ ಉಣ್ಣುವುದಕ್ಕೆ ಯಾರಿಗಾದರೂ ಹಲ್ಲು ಬೇಕೇ? ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಮೇಲೆ ಇವರ ನೆಪಗಳೂ ನಿವೃತ್ತಿಯಾಗಿವೆ.

ಮಾರ್ಚ್ 12, ಮಂಗಳವಾರ

ಇಲ್ಲ. ನಾಲ್ಕೂ ಇಲ್ಲ, ಲವಂಗವೂ.

ಪಾತ್ರೆಯವಳು ಬಂದಿದ್ದಾಳೆ. ಆದರೆ ಅವಳ ಮುಖವೊಂದನ್ನೇ ನಂಬಿ ಅರವತ್ತೆರಡು ಜನರಿಗೆ ಉಣಿಸಲು ಈಗ ಮನಸ್ಸು ಒಪ್ಪುತ್ತಿಲ್ಲ. ಅವಳಿಗೆ ನಗಡಿಯಾಗಿದ್ದರೆ? ಅವಳು ಬೇರೆ ಏನನ್ನೋ ನೆನೆದು ನಗುತ್ತಿದ್ದರೆ? ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ. ಎರಡು ಪಾತ್ರೆಗೆ ಅಡ್ಡ ಗೀಟು ಎಳೆದೆ, ಒಂದು ಆಲೂಗಡ್ಡೆ, ಒಂದು ಅನ್ನ. ಹಾಗೆ ಎಳೆದ ತಕ್ಷಣ ಎದೆಯ ಮೇಲಿನ ಕಲ್ಲು ಇಳಿಯಿತು. ಹಂದಿಗಳು ಫೋನ್ ಮಾಡುವುದಿಲ್ಲ.

ಮಾರ್ಚ್ 14, ಗುರುವಾರ

ಒಂಬತ್ತರಲ್ಲಿ ಐದಕ್ಕೆ ಅಡ್ಡ ಗೀಟು.

ಪಾತ್ರೆಯವಳು ಏನೋ ಹೇಳಲು ಬಾಯಿ ತೆರೆದಳು. ನಾನು ನೋಡಿದ ನೋಟಕ್ಕೆ ಮುಚ್ಚಿಕೊಂಡಳು. ನಲ್ಲಿ ನಿಂತಿದ್ದು ಇದೇ ಮೊದಲು.

ಮಾರ್ಚ್ 15, ಶುಕ್ರವಾರ

ಮೇಡಂ ಕ್ಯಾಂಟೀನಿಗೆ ಫೋನ್ ಮಾಡಿ ಜೋರು ಮಾಡಿದರಂತೆ, ಕೆಟ್ಟದ್ದನ್ನು ಯಾಕೆ ಕಳಿಸುತ್ತೀರಿ ಅಂತ. ಕ್ಯಾಂಟೀನಿನ ಅಡುಗೆಯವರು ಮಧ್ಯಾಹ್ನ ಮೂರಕ್ಕೆ ವಾಪಸು ಫೋನ್ ಮಾಡಿದರು. ಮೇಡಂ ಫೋನನ್ನು ಮೇಜಿನ ಮೇಲಿಟ್ಟು ಜೋರು ದನಿಗೆ ಹಾಕಿದರು, ನಾನು ಎದುರಿಗೇ ನಿಂತಿದ್ದೆ.

"ಹನ್ನೊಂದೂವರೆಗೆ ಇಳಿಸಿದ ಅನ್ನ ಎರಡೂವರೆಗೆ ಹೇಗಮ್ಮ ಕೆಡುತ್ತೆ? ಇಪ್ಪತ್ತೆರಡು ವರ್ಷದಿಂದ ಅಡುಗೆ ಮಾಡ್ತಿದೀನಿ. ನನ್ನ ಅನ್ನ ಹಂದಿಗೆ ಹಾಕಿದ್ರಿ ಅಂದ್ರೆ ನನ್ನ ಮುಖಕ್ಕೇ ಹಾಕಿದ ಹಾಗೆ. ನಾಳೆಯಿಂದ ನಿಮ್ಮ ವ್ಯಾನ್ ಕಳಿಸಬೇಡಿ."

ಮೇಡಂ ನನ್ನ ಕಡೆ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನನ್ನ ಕೈ ತಾನಾಗಿಯೇ ಮೂಗಿನ ಹತ್ತಿರ ಹೋಯಿತು. "ನನಗೆ ಸಂಶಯ ಬಂದಿದ್ದಕ್ಕೆ ನಾನು ಸೊನ್ನೆ ಹಾಕೋದಿಲ್ಲ" ಅಂದೆ. ಮೇಡಂ ನನ್ನ ಮಾತನ್ನೇ ನಂಬಿದರು, ಕ್ಯಾಂಟೀನನ್ನು ಬಿಟ್ಟುಕೊಟ್ಟರು.

ಹಾಸ್ಟೆಲಿನಲ್ಲಿ ಒಬ್ಬ ವಾರ್ಡನ್ ಒಮ್ಮೆ ನನ್ನ ಅಡುಗೆಯಲ್ಲಿ ಹುಳ ಇತ್ತೆಂದು ಸುಳ್ಳು ಹೇಳಿದ್ದಳು. ಆ ಮಾತು ನನಗೆ ಇಪ್ಪತ್ತು ವರ್ಷ ಚುಚ್ಚಿದೆ. ಇವತ್ತು ಅದೇ ಮಾತನ್ನು ನಾನು ಇನ್ನೊಬ್ಬ ಅಡುಗೆಯವರಿಗೆ ಚುಚ್ಚಿ ಬಂದಿದ್ದೇನೆ.

ಮಾರ್ಚ್ 18, ಸೋಮವಾರ

ಕ್ಯಾಂಟೀನು ಇಲ್ಲ. ಹೋಟೆಲಿನಿಂದ, ಸಭಾಂಗಣದಿಂದ ಒಟ್ಟು ಐದು ಪಾತ್ರೆ. ಬಿಸಿಲು ಜೋರಿತ್ತು, ವ್ಯಾನ್ ಇಪ್ಪತ್ತು ನಿಮಿಷ ತಡ. ಮುಚ್ಚಳ ತೆಗೆದೆ, ಬಗ್ಗಿದೆ. ಏನೂ ಇಲ್ಲ, ಏನೂ ಇಲ್ಲ. ಐದಕ್ಕೂ ಅಡ್ಡ ಗೀಟು.

ಆಶ್ರಯ ಮನೆಗೆ ಎರಡು ಬುಟ್ಟಿ ಬ್ರೆಡ್ಡು ಹೋಯಿತು, ಒಬ್ಬರಿಗೆ ಎರಡು ಚೂರು.

ನಾನು ಮನೆಯಲ್ಲಿ ಉಂಡೆ. ಏನು ಉಂಡೆ ಅಂತ ಈಗ ನೆನಪಿಲ್ಲ.

ಮಾರ್ಚ್ 19, ಮಂಗಳವಾರ

ಇದನ್ನು ಹೇಗೆ ಬರೆಯಲಿ?

ಕಸದ ಡಬ್ಬಿ ಇಡಲು ಹಿಂದಿನ ಗೇಟಿಗೆ ಹೋಗಿದ್ದೆ. ಹಂದಿಯಣ್ಣ ಸೈಕಲ್ ಗಾಡಿಯಿಂದ ಇಳಿದು, ತಲೆಯ ಟೋಪಿ ತೆಗೆದು ನಿಂತ. ನಾಲ್ಕು ವರ್ಷದಲ್ಲಿ ಅವನ ತಲೆ ನಾನು ನೋಡಿರಲಿಲ್ಲ, ಬೋಳು.

"ಅಕ್ಕ, ಒಂದು ಮಾತು. ಬೈಬಾರದು."

"ಹೇಳಿ."

"ನಿನ್ನೆ ಅನ್ನ ನಾವೇ ಉಂಡ್ವಿ. ನಾನು, ನನ್ನ ಹೆಂಡ್ತಿ, ಮೂರು ಮಕ್ಕಳು. ಪಕ್ಕದ ಮನೆಗಳಿಗೂ ಕೊಟ್ವಿ. ನಿನ್ನೆ ಒಂದಿನ ಅಲ್ಲ, ಒಂದು ವಾರದಿಂದ."

"ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಏನಾಗುತ್ತೆ? ಬಿಸಿಬಿಸಿ ಅನ್ನ. ಹಂದಿಗೆ ಹಾಕೋಕೆ ಕೈ ಬರ್ಲಿಲ್ಲ." ಅವನು ಟೋಪಿಯನ್ನು ತಿರುಗಿಸುತ್ತಲೇ ಇದ್ದ. "ಗೂಡು ಕುಸಿದು ಅರ್ಧದಷ್ಟು ಹಂದಿ ಸತ್ತವು ಅಕ್ಕ, ನಮಗೆ ಎರಡು ತಿಂಗಳಿಂದ ಕಷ್ಟ. ನಾವು ಯಾರಿಗೂ ಹೇಳಿರ್ಲಿಲ್ಲ. ನಿಮಗೆ ಹೇಗೋ ಗೊತ್ತಾಗಿದೆ, ಬೇಕಂತಲೇ ಅಡ್ಡ ಗೀಟು ಹಾಕಿ ಒಳ್ಳೇದನ್ನ ನಮ್ಮ ಕಡೆ ತಳ್ತಿದೀರಿ ಅಂತ ನನ್ನ ಹೆಂಡ್ತಿ ಹೇಳಿದ್ಲು. ಆ ಅಕ್ಕನ ಮೂಗಿಗೆ ತಪ್ಪೋದಿಲ್ಲ, ಅವರು ತಿಳಿದೇ ಮಾಡಿದ್ದು ಅಂದ್ಲು. ಥ್ಯಾಂಕ್ಸ್ ಹೇಳಿ ಬಾ ಅಂತ ಕಳ್ಸಿದ್ಲು."

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಅವನು ಉಂಡದ್ದಕ್ಕೆ ಬೇಸರವಿಲ್ಲ, ಪುಣ್ಯಕ್ಕೆ ಅದನ್ನು ಮನುಷ್ಯರೇ ಉಂಡರು. ಆದರೆ ಅದು ಕೆಟ್ಟಿರಲಿಲ್ಲ. ಒಂದು ಪಾತ್ರೆಯೂ ಕೆಟ್ಟಿರಲಿಲ್ಲ. ನಿನ್ನೆ ಸಂಜೆ ಅರವತ್ತೆರಡು ಜನ ಎರಡೆರಡು ಚೂರು ಬ್ರೆಡ್ ತಿಂದು ಮಲಗಿದ್ದು ನನ್ನ ಮಾನ ಉಳಿಯಲಿ ಅಂತ.

ಸಂಜೆ ಇವರಿಗೆ ಹೇಳಿದೆ. ಇವರು ಪೇಪರ್ ಮಡಿಸಿಟ್ಟು, "ಗೊತ್ತು" ಅಂದರು.

"ಏನು ಗೊತ್ತು?"

"ಹಾಲು ಸೀದು ಹೊಗೆ ಬರ್ತಿತ್ತು, ನೀನು ಪಕ್ಕದಲ್ಲೇ ಕೂತು ಬೀನ್ಸ್ ಹೆಚ್ಚುತ್ತಿದ್ದೆ. ಆ ಭಾನುವಾರದ ಬೇಳೆ ಹಳಸಿತ್ತು."

"ಮತ್ತೆ ಯಾಕೆ ಉಂಡಿರಿ? ಯಾಕೆ ಹೇಳಲಿಲ್ಲ?"

"ಒಂದು ಚಮಚ ತಾನೆ. ಟಿಕೆಟ್ ಇಲ್ಲದವರು ಕಂಡಕ್ಟರ್ ಹತ್ರ ಬರೋದಕ್ಕೆ ಮುಂಚೆನೇ ಕಿಟಕಿ ಆಚೆ ನೋಡ್ತಿರ್ತಾರೆ. ಗದರಿಸಿ ಕೇಳಿದ್ರೆ ಸುಳ್ಳು ಹೇಳ್ತಾರೆ. ಸುಮ್ನೆ ಪಕ್ಕದಲ್ಲಿ ನಿಂತ್ರೆ ಅವರೇ ಇಳೀತಾರೆ."

ಹದಿನೈದು ದಿನ ನನ್ನ ಪಕ್ಕದಲ್ಲಿ ಸುಮ್ಮನೆ ನಿಂತಿದ್ದರಂತೆ. ಇವರ ಮೇಲೆ ಕೋಪ ಬಂತು. ಕೋಪ ಇಳಿದ ಮೇಲೆ ಇನ್ನೂ ಒಂದು ಸಲ ಅಳು ಬಂತು, ಈ ಸಲ ನಲ್ಲಿ ಬಿಡಲಿಲ್ಲ.

ಮಾರ್ಚ್ 20, ಬುಧವಾರ

ಹೇಳಿದೆ. ವ್ಯಾನ್ ಬರುವ ಮುಂಚೆ, ಎಲ್ಲರ ಎದುರಿಗೆ.

ಮೇಡಂ ಕ್ರೇಟಿನ ಮೇಲೆ ಕೂತರು. "ಎಷ್ಟು ದಿನದಿಂದ?"

"ಜ್ವರ ಬಂದಾಗಿಂದ."

"ಮೊದಲ ವಾರ ಸೊನ್ನೆ ಹಾಕಿ ಕಳಿಸಿದ್ದು?"

"ಏನೂ ತಿಳೀದೆ ಕಳಿಸಿದ್ದು."

"ಆಮೇಲೆ ಹಂದಿಗೆ ಹಾಕಿದ್ದು?"

"ಅದೂ ತಿಳೀದೆ ಹಾಕಿದ್ದು."

ಡ್ರೈವರ್ ಮಿಠಾಯಿ ಚೀಪುವುದನ್ನು ನಿಲ್ಲಿಸಿದ್ದ. ಪಾತ್ರೆಯವಳು ತೊಟ್ಟಿಯ ಕಡೆ ತಿರುಗಿ ನಿಂತಿದ್ದಳು. ಮೇಡಂ ಕೂಗಾಡಿದ್ದರೆ ಸಮಾಧಾನವಾಗುತ್ತಿತ್ತು. "ಆ ಅಡುಗೆಯವರಿಗೆ ನಾನು ಏನೇನು ಅಂದೆ ಗೊತ್ತಾ ನಿಮಗೆ? ನಿಮ್ಮನ್ನ ನಂಬಿ ಅಂದೆ" ಅಂತ ಮೆಲ್ಲಗೆ ಹೇಳಿದರು. ಆಮೇಲೆ ಕೈ ಚಾಚಿದರು. "ಸೀಮೆಸುಣ್ಣ ಕೊಡಿ. ಸ್ವಲ್ಪ ದಿನ ಮನೇಲಿರಿ."

ಕೊಟ್ಟೆ. ಜೇಬಿನಲ್ಲಿ ಬರೀ ಪುಡಿ ಉಳಿಯಿತು.

ಅಲ್ಲಿಂದ ನೇರ ಕ್ಯಾಂಟೀನಿಗೆ ನಡೆದುಕೊಂಡು ಹೋದೆ. ಅಡುಗೆಯವರು ಸೌಟು ಹಿಡಿದೇ ಹೊರಗೆ ಬಂದರು, ನಾನು ಊಹಿಸಿದ್ದಕ್ಕಿಂತ ಕುಳ್ಳ. "ಕೆಟ್ಟಿದ್ದು ನಿಮ್ಮ ಅನ್ನ ಅಲ್ಲ, ನನ್ನ ಮೂಗು" ಅಂದೆ. ಅವರು ಬಹಳ ಹೊತ್ತು ನನ್ನ ಮೂಗನ್ನೇ ನೋಡಿದರು. "ಇದನ್ನ ನಮ್ಮ ಮ್ಯಾನೇಜರ್ ಎದುರಿಗೂ ಹೇಳ್ತೀರಾ?" ಅಂದರು. ಅಲ್ಲೂ ಹೇಳಿದೆ.

ಮಾರ್ಚ್ 21, ಗುರುವಾರ

ಮನೆ.

ಮಾರ್ಚ್ 22, ಶುಕ್ರವಾರ

ಮನೆ. ಇಲ್ಲ, ಇಲ್ಲ, ಚುರುಕ್, ಇಲ್ಲ. ಎರಡೂವರೆಗೆ ವ್ಯಾನ್ ಬಂದಿರುತ್ತದೆ. ಮೂರಕ್ಕೆ ಮುಚ್ಚಳ ತೆಗೆದಿರುತ್ತಾರೆ. ಯಾರು ತೆಗೆದಿರುತ್ತಾರೆ? ಐದೂವರೆವರೆಗೂ ಗಡಿಯಾರ ನೋಡುತ್ತಾ ಕೂತಿದ್ದೆ. ಇವರು ಗಡಿಯಾರ ತೆಗೆದು ಬೀರುವಿನಲ್ಲಿಟ್ಟರು.

ಮಾರ್ಚ್ 24, ಭಾನುವಾರ

ಪಾತ್ರೆಯವಳು ಮನೆ ಹುಡುಕಿಕೊಂಡು ಬಂದಿದ್ದಳು. ನಾಲ್ಕು ವರ್ಷ ಒಂದೇ ಷೆಡ್ಡಿನಲ್ಲಿದ್ದರೂ ನನ್ನ ಮನೆ ಅವಳಿಗೆ ಗೊತ್ತಿರಲಿಲ್ಲ, ಅವಳದು ನನಗೂ.

"ಮೇಡಂ ಸೀಮೆಸುಣ್ಣ ನನ್ನ ಕೈಗೆ ಕೊಟ್ಟಿದ್ದಾರೆ ದೊಡ್ಡಕ್ಕ" ಅಂದಳು. ಮಾತಿನಲ್ಲಿ ಹೆಮ್ಮೆಯಿರಲಿಲ್ಲ. "ನಿನ್ನೆ ನಂಗೆ ಊಟ ಸೇರ್ಲಿಲ್ಲ. ಫೋನ್ ಬರುತ್ತೇನೋ ಅಂತ ಕೂತೇ ಇದ್ದೆ. ವಾಸನೆ ಬರುತ್ತೆ, ಆದ್ರೆ ಅದು ಏನು ವಾಸನೆ ಅಂತ ಗೊತ್ತಾಗಲ್ಲ. ಕೆಟ್ಟಿದ್ದಾ, ಒಗ್ಗರಣೆ ಸೀದಿದ್ದಾ, ಪಾತ್ರೆಯದ್ದೇ ವಾಸನೆಯಾ? ಮೂರಕ್ಕೆ ಸೊನ್ನೆ ಹಾಕಿ, ಅಳಿಸಿ, ಅಡ್ಡ ಗೀಟು ಹಾಕ್ದೆ. ನೀವು ಬನ್ನಿ. ನಾನು ಮೂಸ್ತೀನಿ, ನೀವು ಹೇಳಿ."

"ಮೇಡಂ ಏನಂತಾರೆ?"

"ಅವರೇ ಕಳ್ಸಿದ್ದು. ಆದ್ರೆ ಅವರು ಕಳ್ಸಿದ್ರು ಅಂತ ಹೇಳಬೇಡ ಅಂದಿದ್ದಾರೆ." ನಲ್ಲಿಯ ಬಾಯಿಗೆ ಗುಟ್ಟು ಕೊಟ್ಟರೆ ಇಷ್ಟೇ ಹೊತ್ತು ನಿಲ್ಲುವುದು.

"ನನ್ನ ಮುಖ ನೋಡಿ ನಕಲು ಹೊಡೀತಿದ್ರಲ್ಲ, ನನಗೆ ಮೊದಲನೇ ದಿನವೇ ಗೊತ್ತಾಗಿತ್ತು" ಅಂತ ಹೋಗುವಾಗ ಬಾಗಿಲಲ್ಲಿ ಹೇಳಿದಳು. "ಜೋರಾಗಿ ಮುಖ ಕಿವುಚುತ್ತಿದ್ದೆ, ನಿಮಗೆ ಕಾಣ್ಲಿ ಅಂತ. ನೀವೇ ನೋಡೋದು ಬಿಟ್ರಿ."

ಈ ಮನೆಯಲ್ಲಿ, ಆ ಷೆಡ್ಡಿನಲ್ಲಿ, ನನ್ನ ಗುಟ್ಟು ಗುಟ್ಟಾಗಿ ಉಳಿದಿಲ್ಲ ಅಂತ ಗೊತ್ತಿಲ್ಲದವಳು ನಾನೊಬ್ಬಳೇ ಇದ್ದೆನೇನೋ.

ಮಾರ್ಚ್ 25, ಸೋಮವಾರ

ಆರು ಪಾತ್ರೆ. ಅದರಲ್ಲಿ ಎರಡು ಕ್ಯಾಂಟೀನಿನವು. ಅಡುಗೆಯವರು ಮುಚ್ಚಳದ ಮೇಲೆ ತಾವೇ "11:30ಕ್ಕೆ ಇಳಿಸಿದ್ದು" ಅಂತ ದೊಡ್ಡ ಅಕ್ಷರದಲ್ಲಿ ಬರೆದು ಕಳಿಸಿದ್ದರು. ಇರಲಿ, ಅಷ್ಟು ಚುಚ್ಚುವ ಹಕ್ಕು ಅವರಿಗಿದೆ. ಮೇಡಂ ಒಂದು ಥರ್ಮಾಮೀಟರ್ ತಂದಿದ್ದಾರೆ, ಉದ್ದ ಕಡ್ಡಿಯದು. ಡ್ರೈವರ್ ಅದನ್ನು ಬೇಳೆಗೆ ಚುಚ್ಚಿ "ಜ್ವರ ಇದೆ, ಪಾಪ" ಅಂತ ನಗಿಸಿದ.

ನಾನು ಕೇಳುವುದು, ಅವಳು ಹೇಳುವುದು.

"ಹುಳಿ ವಾಸನೆ ದೊಡ್ಡಕ್ಕ."

"ಎಂಥ ಹುಳಿ? ಮೊಸರಿನದಾ, ಟೊಮೆಟೊದ್ದಾ, ಒದ್ದೆ ಬಟ್ಟೆ ಮುದುರಿಟ್ಟಿದ್ದಾ?"

ಕಣ್ಣು ಮುಚ್ಚಿ ಯೋಚಿಸಿದಳು. "ಟೊಮೆಟೊ. ಬಟ್ಟೆಯದು ಆ ಕಡೇ ಪಾತ್ರೆ. ಅಲ್ಲ, ಅದು ಬಟ್ಟೆಯೂ ಅಲ್ಲ, ನಮ್ಮ ಮಾವ ಶೂ ಬಿಚ್ಚಿದ ಹಾಗಿದೆ."

ಆ ಕಡೆಯದಕ್ಕೆ ಅಡ್ಡ ಗೀಟು. ಉಳಿದದ್ದಕ್ಕೆ ಸೊನ್ನೆ. ಅವಳ ಸೊನ್ನೆ ಚಿಕ್ಕದು, ಅಂಜಿಕೊಂಡು ಬರೆದದ್ದು.

ಆಮೇಲೆ ಹಿಂದಿನ ಗೇಟಿಗೆ ಹೋಗಿ ಹಂದಿಯಣ್ಣನಿಗೂ ನಿಜ ಹೇಳಿದೆ. ನಿಮ್ಮ ಕಷ್ಟ ನನಗೆ ಗೊತ್ತೇ ಇರಲಿಲ್ಲ, ನಾನು ಹೆದರಿ ಎಸೆದದ್ದು ನಿಮಗೆ ಸಿಕ್ಕಿತು ಅಂದೆ. ಅವನು ಟೋಪಿ ಹಾಕಿಕೊಂಡ.

"ಅದನ್ನ ನನ್ನ ಹೆಂಡ್ತಿಗೆ ಹೇಳೋದಿಲ್ಲ" ಅಂದ. ಆಮೇಲೆ ಕೇಳಿದ, "ಇನ್ನು ಮೇಲೆ ಬರೋದಿಲ್ಲ ಅಲ್ವಾ ಅಕ್ಕ?"

ನೇರ ಒಳಗೆ ಬಂದು ಮೇಡಂ ಎದುರು ನಿಂತೆ. ಕೇಳುವ ಮುಖ ನನಗಿರಲಿಲ್ಲ, ಆದರೂ ಕೇಳಿದೆ. ದಿನಕ್ಕೊಂದು ಪಾತ್ರೆ, ಸೊನ್ನೆ ಹಾಕಿದ್ದು, ಹಿಂದಿನ ಗೇಟಿನಿಂದ. ಮೇಡಂ ಲೆಕ್ಕ ಹಾಕಿ, ಕ್ಯಾಂಟೀನು ಮೊದಲಿನಷ್ಟು ಕಳಿಸಿದರೆ ಆಗುತ್ತದೆ ಅಂದರು. ನನ್ನ ಜೊತೆ ಇನ್ನೂ ಮುಖ ಕೊಟ್ಟು ಮಾತಾಡುವುದಿಲ್ಲ.

ಮಾರ್ಚ್ 28, ಗುರುವಾರ

ಒಂದು ನಿಯಮ ಮಾಡೋಣ ಅಂದೆ. ಸೊನ್ನೆ ಹಾಕಿದವರು ಆ ಪಾತ್ರೆಯಿಂದ ತಾವು ಮೊದಲು ಉಣ್ಣಬೇಕು, ವ್ಯಾನ್ ಹೊರಡುವ ಮುಂಚೆ. ಪಾತ್ರೆಯವಳು, ಈಗ ನಾನು ತಂಗಿ ಅಂತಲೇ ಕರೆಯುವುದು, ಬಿದ್ದು ಬಿದ್ದು ನಕ್ಕಳು. "ನಾಲ್ಕು ವರ್ಷದಿಂದ ನಾನು ಮಾಡ್ತಿರೋದೇ ಅದಲ್ವಾ ದೊಡ್ಡಕ್ಕ! ನಿಮ್ಮ ಸೊನ್ನೆನ ದಿನಾ ಉಂಡು ನೋಡಿದವಳು ನಾನು."

ಇದು ನನಗೆ ಹೊಳೆದೇ ಇರಲಿಲ್ಲ.

ಏಪ್ರಿಲ್ 2, ಮಂಗಳವಾರ

ಹೋಟೆಲಿನ ಅನ್ನದ ಮೇಲೆ ಜಗಳ. ಥರ್ಮಾಮೀಟರ್ ಸರಿ ಅಂದಿತು. ತಂಗಿ ಎರಡು ಸಲ ಮೂಸಿ, "ಇದೆ ಅಂದ್ರೆ ಇದೆ, ಇಲ್ಲ ಅಂದ್ರೆ ಇಲ್ಲ" ಅಂದಳು. ನಾನು ಸೌಟು ಇಳಿಸಿ ನಿಧಾನ ಎತ್ತಿದೆ. ಅನ್ನದಿಂದ ಸೌಟಿಗೆ ಕೂದಲಿನಷ್ಟು ತೆಳ್ಳಗೆ ನೂಲು ಎಳೆದುಕೊಂಡು ಬಂತು. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ. ಬೆರಳಿಗೆ ತೆಗೆದುಕೊಂಡು ಉಜ್ಜಿದರೆ ಜಾರಿತು. "ಹಾಕು ಅಡ್ಡ ಗೀಟು" ಅಂದೆ. ಎರಡು ವಾರ ಮುಂಚೆ ಇದೇ ಗೀಟನ್ನು ಬರೀ ಹೆದರಿಕೆಯಿಂದ ಎಳೆಯುತ್ತಿದ್ದೆ. ಮೂವತ್ತೊಂದು ವರ್ಷ ಈ ಕಣ್ಣು, ಈ ಬೆರಳು ಎಲ್ಲ ನೋಡಿಕೊಂಡೇ ಇದ್ದವು, ನಾನು ಹೆಸರೆಲ್ಲ ಮೂಗಿಗೆ ಕೊಟ್ಟಿದ್ದೆ.

ಇದನ್ನೆಲ್ಲ ಅವಳಿಗೂ ತೋರಿಸಿಕೊಟ್ಟೆ. ಕಲಿಯುತ್ತಾಳೆ. ಅವಳ ಮಗಳಿಗೆ ಗಣಿತ ಬರುವುದಿಲ್ಲವಂತೆ, ಇವರು ಟಿಕೆಟ್ ಲೆಕ್ಕದಲ್ಲಿ ಹೇಳಿಕೊಡುತ್ತೇನೆ, ಭಾನುವಾರ ಕಳಿಸು ಅಂದಿದ್ದಾರೆ.

ಬುತ್ತಿ ಡಬ್ಬಿ ಎಲ್ಲಿಟ್ಟೆನೋ ಗೊತ್ತಿಲ್ಲ. ಇವರು ಎರಡು ದಿನದಿಂದ ಹುಡುಕುತ್ತಿದ್ದಾರೆ, ನನಗಂತೂ ಪುರುಸೊತ್ತಿಲ್ಲ.

ಏಪ್ರಿಲ್ 5, ಶುಕ್ರವಾರ

ಇವತ್ತು ವ್ಯಾನಿನಲ್ಲಿ ಆಶ್ರಯ ಮನೆಗೆ ಹೋದೆ. ಮೇಡಂ ಹೋಗು ಅಂದಿರಲಿಲ್ಲ. ಮೊನ್ನೆ ಮೊನ್ನೆಯವರೆಗೆ ಅದು ನನಗೊಂದು ಫೋನ್ ನಂಬರ್ ಆಗಿತ್ತು. ಉದ್ದನೆಯ ಕೋಣೆ, ಎರಡು ಸಾಲು ಹಾಸಿಗೆ, ಪ್ರತಿ ಹಾಸಿಗೆಯ ಕಾಲಿಗೆ ಒಂದು ಚೀಲ ಕಟ್ಟಿದೆ. ಒಳಗೆ ಹೋಗುವಾಗ ಕಾಲು ಹಿಂದಕ್ಕೆ ಎಳೆಯಿತು, ಆದರೆ ಡ್ರೈವರ್ ಪಾತ್ರೆ ಹೊತ್ತು ಹಿಂದೆಯೇ ಇದ್ದ, ನಿಲ್ಲುವ ಹಾಗಿರಲಿಲ್ಲ.

ಬಟನ್ ಅಜ್ಜಿ ಕಿಟಕಿಯ ಹತ್ತಿರ ಕೂತಿದ್ದಳು. ನನ್ನ ಮುಖಕ್ಕಿಂತ ಮೊದಲು ಏಪ್ರನ್ನಿನ ಕೆಂಪು ಬಟನ್ನಿನ ಗುರುತು ಹಿಡಿದಳು. "ಗಟ್ಟಿಯಾಗಿದೆಯಲ್ಲ" ಅಂದಳು.

ಹೇಳಿದೆ. ಆ ಸೋಮವಾರ ಊಟ ಬರದೆ ಬ್ರೆಡ್ ಬಂದದ್ದು ನನ್ನಿಂದ ಅಂತ. ಯಾಕೆ ಅಂತಲೂ ಹೇಳಿದೆ. ಅಜ್ಜಿ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಲಿಲ್ಲ.

"ನಾನು ಮುದುಕಿ, ನನಗೆ ಎರಡು ಚೂರು ಬ್ರೆಡ್ಡೇ ಹೆಚ್ಚು. ಆ ಪಕ್ಕದ ಹಾಸಿಗೆಯವಳು ಅವತ್ತು ಅತ್ತಳು. ಅವಳಿಗೆ ಏಳು ತಿಂಗಳು. ನಾನು ಬೈದೆ, ಸುಮ್ನೆ ಮಲಕ್ಕೊ, ಬೇರೆಯವರಿಗೆ ನಿದ್ದೆ ಬರಲ್ಲ ಅಂತ. ನನ್ನ ಹತ್ರ ಏನು ಹೇಳ್ತೀಯ? ಹೋಗಿ ಅವಳಿಗೆ ಹೇಳು."

ಅವಳು ತುಂಬ ಚಿಕ್ಕ ವಯಸ್ಸಿನವಳು. ಹೊಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಕಾಯುತ್ತಿದ್ದಳು. ನಾನು ಎದುರಿಗೆ ಕೂತು ಮತ್ತೆ ಮೊದಲಿನಿಂದ ಹೇಳಿದೆ, ಈ ಸಲ ಮಾತು ಮೇಲೆ ಕೆಳಗಾಯಿತು. ಅನ್ನ ಚೆನ್ನಾಗಿತ್ತು, ನಾನು ಎಸೆದೆ, ನನಗೆ ವಾಸನೆ ತಿಳಿಯುವುದಿಲ್ಲ, ಹೆದರಿಕೊಂಡಿದ್ದೆ, ತಪ್ಪಾಯಿತು. ಅವಳು ನನ್ನನ್ನು ನೋಡಿದಳು. ಪರವಾಗಿಲ್ಲ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

"ಇವತ್ತು ಏನು ತಂದಿದ್ದೀರಿ?" ಅಂದಳು.

"ಅನ್ನ, ಬೇಳೆ, ಬೀನ್ಸು."

"ಚೆನ್ನಾಗಿದೆಯಾ? ನಿಮಗೆ ಗೊತ್ತಾಗಲ್ಲ ಅಂದ್ರಲ್ಲ."

"ವಾಸನೆ ಗೊತ್ತಾಗಲ್ಲ" ಅಂದೆ. "ನಾಲ್ಕು ಗಂಟೆಗೆ ನಾನು ಇದನ್ನೇ ಉಂಡು ಬಂದಿದ್ದೀನಿ."

ಅವಳು ತಟ್ಟೆ ಮುಂದೆ ಚಾಚಿದಳು.